ಕದ್ದು ಕೇಳುವವರ ಲೆಕ್ಕ ಕೇಳುವವರು ಯಾರು?

1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಕರ್ನಾಟಕದ ಮುಖ್ಯಮಂತ್ರಿ ಪದವಿ ಬಿಟ್ಟಿಳಿದರು. ಕಾರಣ, ದೂರವಾಣಿ ಕದ್ದಾಲಿಕೆಯ ಆರೋಪ. ಆಗ ಒಂದು ಫೋನ್ ಕದ್ದು ಕೇಳಬೇಕೆಂದರೆ ಒಬ್ಬ ಮನುಷ್ಯ ಕಿವಿಗೊಟ್ಟು ಕೂರಬೇಕಿತ್ತು. ಈಗ ಕೇಂದ್ರ ಸರ್ಕಾರದ ‘ಸೆಂಟ್ರಲ್ ಮಾನಿಟರಿಂಗ್ ಸಿಸ್ಟಂ’ ಫೋನ್ ಕಂಪನಿಯ ಸಿಬ್ಬಂದಿಯ ನೆರವಿಲ್ಲದೆಯೇ ಕರೆಗಳನ್ನು ನೇರವಾಗಿ ಸೆಳೆದುಕೊಳ್ಳಬಲ್ಲದು. ಸರ್ಕಾರದ ಕಿವಿ ಬೆಳೆದಿದೆ. ಅದನ್ನು ಹಿಡಿದು ನಿಲ್ಲಿಸಬೇಕಾದ ಕಾನೂನು ಬೆಳೆದಿಲ್ಲ.

ಕಾನೂನೇ ಇಲ್ಲವೆಂದಲ್ಲ. 1996ರಲ್ಲಿ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೆಲವು ಕಟ್ಟಳೆ ವಿಧಿಸಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಒಂದು ಆದೇಶಕ್ಕೆ ಎರಡು ತಿಂಗಳ ಆಯಸ್ಸು, ಎಷ್ಟು ವಿಸ್ತರಿಸಿದರೂ ಆರು ತಿಂಗಳು ಮೀರಬಾರದು, ಪರಿಶೀಲನೆಗೊಂದು ಸಮಿತಿ ಇರಬೇಕು. ಆದರೆ ಮೊದಲೇ ನ್ಯಾಯಾಧೀಶರ ಅನುಮತಿ ಪಡೆಯಬೇಕೆಂದು ಹೇಳಲಿಲ್ಲ. ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದಿತು. ಹೀಗಾಗಿ ಆದೇಶ ಹೊರಡಿಸುವವರೂ ಸರ್ಕಾರದ ಕಾರ್ಯದರ್ಶಿಗಳು, ಅದು ಸರಿಯೇ ಎಂದು ನೋಡುವವರೂ ಕಾರ್ಯದರ್ಶಿಗಳು.

ಅವರು ನೋಡುವುದಾದರೂ ಹೇಗೆ? ಎರಡು ತಿಂಗಳಿಗೊಮ್ಮೆ ಸೇರುವ ಈ ಸಮಿತಿಯ ಮುಂದೆ ಪ್ರತಿ ಸಭೆಗೂ 15,000ದಿಂದ 18,000 ಆದೇಶಗಳಿರುತ್ತವೆ ಎಂದು 2018ರಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ ವರದಿಯೇ ಹೇಳಿತು. ಒಂದಕ್ಕೆ ಒಂದೇ ನಿಮಿಷ ಕೊಟ್ಟರೂ 250 ಗಂಟೆ ಬೇಕು. ಹತ್ತು ಹಗಲು, ಹತ್ತು ರಾತ್ರಿ ಎದ್ದೇಳದೆ ಕೂತರೂ ಮುಗಿಯದು. ಇದನ್ನು ಪರಿಶೀಲನೆ ಎನ್ನುವುದು ಆ ಪದಕ್ಕೇ ಅವಮಾನ.

2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ತಪ್ಪು ತಿದ್ದಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ 2024ರ ನಿಯಮಗಳಲ್ಲಿಯೂ ನ್ಯಾಯಾಧೀಶರಿಗೆ ಜಾಗವಿಲ್ಲ.

ದೇಶದ ಭದ್ರತೆಯ ವಿಷಯದಲ್ಲಿ ಕೋರ್ಟಿಗೇನು ಕೆಲಸ ಎನ್ನುವವರಿದ್ದಾರೆ. ಬ್ರಿಟನ್ನಿಗೆ ಭಯೋತ್ಪಾದನೆಯ ಭಯವಿಲ್ಲವೇ? ಅಲ್ಲಿ 2016ರ ಕಾಯ್ದೆಯ ಪ್ರಕಾರ ಮಂತ್ರಿ ಸಹಿ ಹಾಕಿದರಷ್ಟೇ ಸಾಲದು, ನ್ಯಾಯಾಧೀಶರೂ ಒಪ್ಪಬೇಕು. ರಾಶಿ ರಾಶಿಯಾಗಿ ಸಂದೇಶಗಳನ್ನು ಸೆಳೆಯುವುದಾದರೆ ಮೊದಲೇ ಸ್ವತಂತ್ರ ಸಂಸ್ಥೆಯ ಅನುಮತಿ ಇರಬೇಕೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ಹೇಳಿದೆ.

‘ನಾನು ತಪ್ಪು ಮಾಡಿಲ್ಲ, ಕೇಳಲಿ ಬಿಡಿ’ ಎನ್ನುವವರೂ ಇದ್ದಾರೆ. ಪ್ರಶ್ನೆ ಅವರದಷ್ಟೇ ಅಲ್ಲ. ಯಾರೋ ಕೇಳುತ್ತಿರಬಹುದೆಂಬ ಅನುಮಾನ ಬಂದರೆ ಸಾಕು, ಲಂಚದ ಸುದ್ದಿಯನ್ನು ಪತ್ರಕರ್ತೆಗೆ ಹೇಳಬೇಕೆಂದಿದ್ದ ಗುಮಾಸ್ತ ಬಾಯಿ ಮುಚ್ಚುತ್ತಾನೆ.

ಕೇಳುವ ಮೊದಲು ನ್ಯಾಯಾಧೀಶರ ಅನುಮತಿ, ತನಿಖೆ ಮುಗಿದ ಮೇಲೆ ಆ ವ್ಯಕ್ತಿಗೆ ತಿಳಿವಳಿಕೆ, ವರ್ಷಕ್ಕೊಮ್ಮೆ ಸಂಸತ್ತಿಗೆ ಲೆಕ್ಕ. ಈ ಮೂರಿಲ್ಲದ ಕಾನೂನು ಕಾನೂನಲ್ಲ, ಪರವಾನಗಿ. ಹೆಗಡೆ ರಾಜೀನಾಮೆ ಕೊಟ್ಟದ್ದು ಕದ್ದಾಲಿಕೆಯ ಸುದ್ದಿ ಹೊರಬಿದ್ದದ್ದರಿಂದ. ಹೊರಬೀಳಲು ದಾರಿಯೇ ಇಲ್ಲದಿದ್ದರೆ ಯಾರೂ ರಾಜೀನಾಮೆ ಕೊಡಬೇಕಿಲ್ಲ.