ಭಯವೇ ಬೇರೆ, ಹೇಸಿಗೆಯೇ ಬೇರೆ

ಹೆಣ ಎದ್ದು ನಡೆಯುವ ಜೋಂಬಿ ಚಿತ್ರವನ್ನೂ, ಮುಖವಾಡದ ಕೊಲೆಗಡುಕನು ತರುಣರನ್ನು ಒಬ್ಬೊಬ್ಬರಾಗಿ ಕೊಚ್ಚಿಹಾಕುವ ಸ್ಲ್ಯಾಷರ್ ಚಿತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಎರಡನ್ನೂ ‘ದೆವ್ವದ ಸಿನೆಮಾ’ ಎಂದು ಹೊರದೂಡುವುದು ಸುಶಿಕ್ಷಿತ ಮನೆಗಳ ರೂಢಿಯಾಗಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ತರುಣರು ಇಂಥ ಚಿತ್ರಗಳನ್ನು ಅಂಗೈಯ ಫೋನಿನಲ್ಲಿಯೇ ನೋಡುತ್ತಿರುವಾಗ ಬರಿಯ ನಿಷೇಧದಿಂದ ಆಗುವ ಪ್ರಯೋಜನವಾದರೂ ಏನು? ವಿವೇಕವನ್ನು ಕಲಿಸದ ನಿಷೇಧವು ಗೋಡೆಯಿಲ್ಲದ ಮನೆಗೆ ಹಾಕಿದ ಬೀಗದಂತೆ. ಭಯಾನಕಪ್ರಿಯನಾದ ಪ್ರೇಕ್ಷಕನು ಇವೆರಡರ ನಡುವೆ ಕಾಣುವ ಭೇದವನ್ನು ಹಿರಿಯರೂ ಕಾಣತಕ್ಕದ್ದು.

ಭಯಾನಕವು ಪರದೇಶದ ಸರಕೆಂಬ ಆಕ್ಷೇಪವು ನಿಲ್ಲತಕ್ಕದ್ದಲ್ಲ. ಭರತಮುನಿಯು ಎಣಿಸಿದ ರಸಗಳಲ್ಲಿ ಭಯಾನಕವೂ ಉಂಟು, ಬೀಭತ್ಸವೂ ಉಂಟು. ರನ್ನನು ಗದಾಯುದ್ಧದಲ್ಲಿ ದುರ್ಯೋಧನನನ್ನು ಹೆಣಗಳ ರಾಶಿಯ ನಡುವೆ, ಮರುಳುಗಳ ಮೂದಲಿಕೆಯ ನಡುವೆ ನಡೆಸಿದನು. ಅದನ್ನೋದಿದವರಿಗೆ ಮೊದಲು ಮೈ ನಡುಗುತ್ತದೆ. ಬಳಿಕ ಎದೆ ಕರಗುತ್ತದೆ. ಭಯವು ಕರುಣೆಗೆ ದಾರಿಯಾಗುವುದೇ ಅದರ ಸಾರ್ಥಕತೆ.

ಜೋಂಬಿ ಚಿತ್ರಗಳಲ್ಲಿ ಉತ್ತಮವಾದವು ಈ ದಾರಿಯವೇ. ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದು ಸತ್ತ ಹೈಟಿ ದೇಶದಲ್ಲಿ ಈ ಕಲ್ಪನೆ ಬೆಳೆಯಿತು. ಸತ್ತ ಮೇಲೂ ಒಡೆಯನಿಗೆ ದುಡಿಯಬೇಕಾದೀತೆಂಬ ಭೀತಿ ಅದರೊಳಗಿದೆ. ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ಕರಿಯ ನಾಯಕನು ರಾತ್ರಿಯೆಲ್ಲ ಹೆಣಗಳೊಡನೆ ಹೋರಾಡಿ ಉಳಿಯುತ್ತಾನೆ. ಬೆಳಗಾದೊಡನೆ ಬದುಕಿರುವವರ ಗುಂಡಿಗೇ ಬಲಿಯಾಗುತ್ತಾನೆ. 2016ರ ಕೊರಿಯಾದ ‘ಟ್ರೈನ್ ಟು ಬುಸಾನ್’ ಚಿತ್ರದಲ್ಲಿ ಸ್ವಾರ್ಥಿಯಾದ ತಂದೆಯು ಮಗಳಿಗಾಗಿ ಪ್ರಾಣವನ್ನೇ ತೆರುತ್ತಾನೆ. ಇವನ್ನು ನೋಡಿ ಕೆಟ್ಟವರಾರು?

ಸ್ಲ್ಯಾಷರ್ ಚಿತ್ರದ ಮಾತು ಬೇರೆ. ಅದರ ಹಿರಿಯರು ಸಂಯಮಿಗಳಾಗಿದ್ದರು. ಹಿಚ್‌ಕಾಕನ ‘ಸೈಕೋ’ (1960) ಕಪ್ಪು ಬಿಳುಪಿನದು. ಕಾರ್ಪೆಂಟರನ ‘ಹ್ಯಾಲೋವೀನ್’ (1978) ಚಿತ್ರದಲ್ಲಿ ರಕ್ತವು ಅತ್ಯಲ್ಪ. 1980ರ ‘ಫ್ರೈಡೇ ದಿ ಥರ್ಟೀನ್ತ್’ ಚಿತ್ರದ ಗಳಿಕೆಯನ್ನು ಕಂಡ ಮೇಲೆ ಅದರ ಬೆನ್ನುಹತ್ತಿ ಬಂದವುಗಳಲ್ಲಿ ಕೊಲೆಯ ಬಗೆಗಳೇ ಕಥೆಯಾದವು. ಸತ್ತವನಿಗೆ ಅಳುವವರಿಲ್ಲ, ಮುಂದಿನವನು ಹೇಗೆ ಸತ್ತಾನೆಂಬ ಕುತೂಹಲವೊಂದೇ ಉಳಿಯಿತು. ಇದನ್ನು ಬೀಭತ್ಸರಸವೆಂದೂ ಕರೆಯಲಾಗದು. ಬೀಭತ್ಸವು ಮನಸ್ಸನ್ನು ಹೇಸಿಸಿ ಹಿಂದೆಗೆಸುತ್ತದೆ. ಇದು ಹೇಸಿಗೆಗೇ ಚಪ್ಪಾಳೆ ಹೊಡೆಸುತ್ತದೆ.

‘ರಕ್ತವು ಎರಡರಲ್ಲಿಯೂ ಉಂಟಷ್ಟೆ?’ ಎಂದು ಕೇಳುವವರುಂಟು. ಶಸ್ತ್ರವೈದ್ಯನ ಕೈಯಲ್ಲಿಯೂ ಕೊಲೆಗಾರನ ಕೈಯಲ್ಲಿಯೂ ರಕ್ತವುಂಟು! ನೋಡತಕ್ಕದ್ದು ರಕ್ತವನ್ನಲ್ಲ, ಕೈಯ ಉದ್ದೇಶವನ್ನು.

ಹೀಗೆ ಕೇಳುವವರ ಮನೆಯ ಪದ್ಧತಿಯಾದರೂ ಎಂಥದು? 1995ರ ‘ಓಂ’ ಚಿತ್ರದಿಂದೀಚೆಗೆ ಕನ್ನಡದ ತೆರೆಯ ಮೇಲೆ ಲಾಂಗು ನಾಯಕನ ಕೈಗೆ ಭೂಷಣವಾಗಿದೆ. ನಾಯಕನು ಹತ್ತು ಜನರನ್ನು ಕೊಚ್ಚಿ ಕೆಡವುವ ಚಿತ್ರಕ್ಕೆ ಹಿರಿಯರು ಮಕ್ಕಳುಮರಿಗಳೊಡನೆ ಹೋಗುತ್ತಾರೆ, ಶಿಳ್ಳೆಯ ನಡುವೆ ಕುಳಿತು ಬರುತ್ತಾರೆ. ಮುಖವಾಡವಿಲ್ಲದ ಸ್ಲ್ಯಾಷರ್ ಅದೇ ಎಂಬುದು ಅವರಿಗೆ ಹೊಳೆಯುವುದಿಲ್ಲ. ದೆವ್ವಕ್ಕೆ ಬಾಗಿಲು ಮುಚ್ಚಿ ಲಾಂಗಿಗೆ ಆರತಿಯೆತ್ತುವ ಈ ಸದಾಚಾರವು ಯಾವ ಶಾಸ್ತ್ರದ್ದು?

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಕೊರೆಯಲ್ಪಟ್ಟಿದೆ. ಅದೇ ಅರಸನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಕಳಿಂಗದಲ್ಲಿ ಹತರಾದವರು ಒಂದು ಲಕ್ಷವೆಂದು ಎಣಿಸಿ ಪಶ್ಚಾತ್ತಾಪಪಟ್ಟನು. ಹೆಣಗಳನ್ನು ಅವನೂ ಎಣಿಸಿದನು, ಸ್ಲ್ಯಾಷರಿನ ಪ್ರೇಕ್ಷಕನೂ ಎಣಿಸುತ್ತಾನೆ. ಒಬ್ಬನ ಎಣಿಕೆಯಲ್ಲಿ ಮರುಕ, ಇನ್ನೊಬ್ಬನ ಎಣಿಕೆಯಲ್ಲಿ ಮೋಜು.

ಎಳೆಯ ಮಕ್ಕಳಿಗೆ ಇವೆರಡೂ ಬೇಡ; ಅದರಲ್ಲಿ ವಿವಾದವಿಲ್ಲ. ಆದರೆ ಪ್ರಾಪ್ತವಯಸ್ಕರಾದ ಮಕ್ಕಳೊಡನೆ ಹಿರಿಯರೂ ಕುಳಿತು ನೋಡಲಿ. ಚಿತ್ರವು ಮುಗಿದ ಮೇಲೆ ಒಂದೇ ಪ್ರಶ್ನೆಯನ್ನು ಕೇಳಲಿ: ಇದರಲ್ಲಿ ಸತ್ತವರಿಗಾಗಿ ನಿನಗೆ ಅಯ್ಯೋ ಎನಿಸಿತೆ? ಎನಿಸಿದ್ದರೆ ಆ ಭಯವು ಒಳ್ಳೆಯದು. ಎನಿಸದಿದ್ದರೆ, ಅದು ದೆವ್ವದ್ದಿರಲಿ, ನಾಯಕನದಿರಲಿ, ಆ ಚಿತ್ರವನ್ನು ಮನೆಯಿಂದಾಚೆ ಇಡುವುದೇ ಲೇಸು.