ಎವರೇಜೂ ಏರ್ತದ, ತಾಕತ್ತೂ ಏರ್ತದ ಅನ್ನೋರಿಗೆ ನನ್ನ ತಕರಾರು

ಈ ಸಲ ಹೊಲದ ಮಾತು ಬಿಟ್ಟು ಗಾಡಿ ಮಾತು. ಲಚ್ಯಾಣ, ಇಂಡಿ ಕಡೆ ನಿಂಬಿಹಣ್ಣು ಪ್ಯಾಟಿ ಮುಟ್ಟೋದು ಪಿಕಪ್ ಗಾಡಿ ಮ್ಯಾಲೆ. ಡೀಜೆಲ್ ಖರ್ಚು ಡ್ರೈವರ್ ಕೊಟ್ಟಾಂಗ ಕಾಣ್ತದ, ಕಡೀಕ ಬೀಳೋದು ಬೆಳೆದಾವನ ತಲಿ ಮ್ಯಾಲೇ. ಅದಕ್ಕ ಇದು ರೈತನ ವಿಷಯಾನೂ ಹೌದು.

ನಮ್ಮ ಹುಡುಗರ ಮೊಬೈಲ್‌ನ್ಯಾಗ ಈಗ ರಿಮ್ಯಾಪ್ ವಿಡಿಯೋ ತಿರುಗಾಕತ್ತಾವ. ಲ್ಯಾಪ್‌ಟಾಪ್ ಹಚ್ಚಿ, ಎಂಜಿನ್ ಕಂಪ್ಯೂಟರಿನ ಫೈಲ್ ಬದಲಿಸಿ, ಒಂದು ತಾಸಿನ್ಯಾಗ ಎವರೇಜೂ ಏರಿಸ್ತೀವಿ, ತಾಕತ್ತೂ ಏರಿಸ್ತೀವಿ ಅಂತಾರ. ಎರಡೂ ಕೂಡೇ ಅಂತ! ನನ್ನ ಜಗಳ ಇರೋದು ಆ 'ಕೂಡೇ' ಅನ್ನೋ ಶಬ್ದದ ಸಂಗಟ.

ಒಂದು ಲೀಟರ್ ಡೀಜೆಲ್‌ನ್ಯಾಗ ಇರೋ ಶಕ್ತಿ ಸುಮಾರು 10 ಯೂನಿಟ್ ಕರೆಂಟಿನಷ್ಟು. ಒಳ್ಳೆ ಡೀಜೆಲ್ ಎಂಜಿನ್ ಭಾಳಂದ್ರ ಅದರಾಗ 4 ಯೂನಿಟ್ ಕೆಲಸಕ್ಕ ಹಚ್ಚತದ. ಉಳಿದದ್ದು ರೇಡಿಯೇಟರ್, ಸೈಲೆನ್ಸರ್ ದಾರಿ ಹಿಡಿದು ಬಿಸಿಯಾಗಿ ಹೋಗ್ತದ. ಯಾವ ಫೈಲ್ ಹಾಕಿದ್ರೂ ಆ 10 ಯೂನಿಟ್ 12 ಆಗೂದಿಲ್ಲ.

ಹಂಗಾದ್ರ ರಿಮ್ಯಾಪ್ ಪೂರಾ ಸುಳ್ಳೇನು? ಅಲ್ಲ. ಟರ್ಬೊ ಇರೋ ಡೀಜೆಲ್ ಗಾಡಿಯಾಗ ಜಗ್ಗುವ ತಾಕತ್ತು ಖರೇನ ಏರ್ತದ. ಟರ್ಬೊ ಹೆಚ್ಚು ಗಾಳಿ ತುಂಬತದ, ಇಂಜೆಕ್ಟರ್ ಹೆಚ್ಚು ಡೀಜೆಲ್ ಹೊಡೀತದ. ಅಂದ್ರ ಹೆಚ್ಚಿನ ತಾಕತ್ತು ಬಂದಿದ್ದೇ ಹೆಚ್ಚಿನ ಡೀಜೆಲ್‌ನಿಂದ. ಲೋಡು ಹಾಕಿ ಆ ತಾಕತ್ತು ಬಳಸಿದ್ರ ಎವರೇಜ್ ಇಳೀತದ. ಸಾವಕಾಶ ಹೊಡೆದ್ರ ಎವರೇಜ್ ಒಂದೀಟು ಏರಬಹುದು, ಅದಕ್ಕೂ ಕಾರಣ ಅದ. ವಿಷದ ಹೊಗಿ ಕಡಿಮಿ ಆಗಲಿ ಅಂತ ಕಂಪನಿಯವ್ರು ಡೀಜೆಲ್ ಹೊಡೆಯೋ ಟೈಮಿಂಗ್ ಸ್ವಲ್ಪ ಹಿಂದ ಇಟ್ಟಿರ್ತಾರ. ಅದನ್ನ ಮುಂದ ತಂದ್ರ ಒಂದಿಷ್ಟು ಡೀಜೆಲ್ ಉಳೀತದ, ನೈಟ್ರೋಜನ್ ಆಕ್ಸೈಡ್ ಹೊಗಿ ಹೆಚ್ಚತದ. ಪುಕ್ಕಟೆ ಏನೂ ಬರಲಿಲ್ಲ. ಇದೇ ಹೊಗಿಯೊಳಗ ಫೋಕ್ಸ್‌ವ್ಯಾಗನ್ ಕಂಪನಿ 2015ರಾಗ ಸಿಕ್ಕಿಬಿದ್ದದ್ದು: ಟೆಸ್ಟ್ ನಡೆದಾಗ ಒಂದು ಥರ, ರಸ್ತೆದಾಗ ಇನ್ನೊಂದು ಥರ ಓಡಿಸೋ ಸಾಫ್ಟ್‌ವೇರ್, ಜಗತ್ತಿನ್ಯಾಗ ಸುಮಾರು 1.1 ಕೋಟಿ ಗಾಡಿಯೊಳಗ. ನಮ್ಮ ಹಸಿರು ನ್ಯಾಯಮಂಡಳಿ 2019ರಾಗ ಅವರಿಗೆ 500 ಕೋಟಿ ದಂಡ ಹಾಕಿತು.

"ಇಲ್ಲಪಾ, ಮೀಟರ್‌ನ್ಯಾಗ 18 ತೋರಸ್ತದ" ಅಂತಾರ ಹಾಕಿಸಿಕೊಂಡವ್ರು. ಅಲ್ಲೇ ಮೋಸ ಇರೋದು. ಆ ಮೀಟರ್ ಟಾಕಿಯಾಗಿನ ಡೀಜೆಲ್ ಅಳೆಯೂದಿಲ್ಲ. ಇಂಜೆಕ್ಟರ್ ಎಷ್ಟು ಹೊಡೀತು ಅನ್ನೋದನ್ನ ಕಂಪ್ಯೂಟರ್ ತನ್ನ ಲೆಕ್ಕದಿಂದ ಹೇಳತದ. ಆ ಲೆಕ್ಕಾನೇ ಫೈಲ್‌ನ್ಯಾಗ ಬದಲಾದ್ರ ಮೀಟರೂ ಸುಳ್ಳು ಹೇಳ್ತದ. ತೂಕದ ಕಲ್ಲು ಬದಲಿ ಮಾಡಿ ಹಣ್ಣು ಹೆಚ್ಚಾಗ್ಯಾವ ಅಂದಾಂಗ. ಟಾಕಿ ಫುಲ್ ಮಾಡ್ರಿ, ಒಂದೇ ರೂಟಿಗೆ ಒಂದೇ ಲೋಡು ಹಾಕಿ ಓಡಸ್ರಿ, ಅದೇ ಪಂಪಿನ್ಯಾಗ ಮತ್ತ ಫುಲ್ ಮಾಡಿ ಭಾಗಾಕಾರ ಮಾಡ್ರಿ. ಮೂರು ಸಲ. ಫೈಲ್ ಹಾಕೋ ಮೊದಲೂ, ಹಾಕಿದ ಮ್ಯಾಲೂ. ವಿಡಿಯೋದಾಗ ಇದನ್ನ ಮಾಡಿ ತೋರಿಸಿದಾವನ್ನ ನಾ ಇನ್ನೂ ನೋಡಿಲ್ಲ.

ರೊಕ್ಕದ ಲೆಕ್ಕ ನೋಡೂಣು. 14 ಕೊಡೋ ಗಾಡಿ ಖರೇನ 15 ಕೊಟ್ಟಿತು ಅಂತ ಹಿಡೀರಿ, ಡೀಜೆಲ್ 90 ರೂಪಾಯಿ. ಸಾವಿರ ಕಿಲೋಮೀಟರಿಗೆ ಉಳಿಯೋದು ಐದು ಲೀಟರೂ ಅಲ್ಲ, ಸುಮಾರು 430 ರೂಪಾಯಿ. ಫೈಲಿಗೆ 20 ಸಾವಿರ ಕೊಟ್ಟಿದ್ರ 46 ಸಾವಿರ ಕಿಲೋಮೀಟರ್ ದಾಟಿದ ಮ್ಯಾಲೆ ಅಸಲು ಬಂತು. ಅಷ್ಟರಾಗ ಕ್ಲಚ್ ಪ್ಲೇಟ್ ಒಂದು ಹ್ವಾದ್ರ? ಗಾಲಿ ಹವಾ ಸರಿ ಇಟ್ಟು, ಏರ್ ಫಿಲ್ಟರ್ ಝಾಡಿಸಿ, ಓವರ್‌ಲೋಡ್ ಬಿಟ್ರ ಇದಕ್ಕಿಂತ ಕಡಿಮಿ ಖರ್ಚಿನ್ಯಾಗ ಉಳೀತದ. ಆದ್ರ ಅದರ ವಿಡಿಯೋ ಯಾರು ನೋಡ್ತಾರ್ರೀ?

ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಮಾಡಿಸೋದಂತೂ ರೊಕ್ಕ ಚೆಲ್ಲಿದಾಂಗ. ತುಂಬಾಕ ಹೆಚ್ಚಿನ ಗಾಳೀನೇ ಇರೂದಿಲ್ಲ.

2020ರ ಏಪ್ರಿಲ್ ಮ್ಯಾಲಿನ ಬಿಎಸ್-6 ಡೀಜೆಲ್ ಗಾಡಿ ಇದ್ದವ್ರು ಇನ್ನೂ ಹುಷಾರ್ ಇರ್ರಿ. ಸೈಲೆನ್ಸರ್‌ನ್ಯಾಗ ಹೊಗಿ ಸೋಸೋ ಫಿಲ್ಟರ್ ಇರ್ತದ. ಡೀಜೆಲ್ ಹೆಚ್ಚಾಗಿ ಕರಿ ಹೊಗಿ ಬಂದ್ರ ಅದು ಕಟ್ಟಿಕೊಳ್ತದ. ಆಮ್ಯಾಲೆ "ಫಿಲ್ಟರ್ ತೆಗೆದು ಬಿಡೂಣು" ಅನ್ನೋದೂ ಫೈಲ್ ಹಾಕಿದಾವನೇ. ಮೋಟಾರು ವಾಹನ ಕಾಯ್ದೆ 182ಎ ಪ್ರಕಾರ ಪರವಾನಗಿ ಇಲ್ಲದ ಬದಲಾವಣೆಗೆ, ಒಂದೊಂದಕ್ಕ 5,000 ದಂಡ, ಇಲ್ಲಾ 6 ತಿಂಗಳ ತನಕ ಜೈಲು. ಅದು ಬೀಳೋದು ಗಾಡಿ ಮಾಲಕನ ಮ್ಯಾಲೆ, ಲ್ಯಾಪ್‌ಟಾಪ್ ತಂದಾವನ ಮ್ಯಾಲೆ ಅಲ್ಲ.

ಈ ಚಾಳಿ ನಮಗ ಹೊಸದೇನಲ್ಲ. ಕಬ್ಬಿನ ಸೀಜನ್‌ನ್ಯಾಗ ಎರಡು ಟ್ರ್ಯಾಲಿ ಜಗ್ಗಾಕ, ಜಾತ್ರ್ಯಾಗ ಟ್ರ್ಯಾಕ್ಟರ್ ಸ್ಪರ್ಧೆಕ್ಕ ಅಂತ ಡೀಜೆಲ್ ಪಂಪಿನ ಸೀಲ್ ಮುರಿಸಿ ಏರಿಸಿಕೊಂಡವ್ರು ನಮ್ಮಾಗೇ ಅದಾರ. ಆಗ ಪಾನಾ ಇತ್ತು, ಈಗ ಲ್ಯಾಪ್‌ಟಾಪ್. 2023ರಿಂದ 50 ಎಚ್‌ಪಿ ಮ್ಯಾಲಿನ ಹೊಸ ಟ್ರ್ಯಾಕ್ಟರಿಗೂ ಕಡಕ್ ಹೊಗಿ ನಿಯಮ ಬಂದು ಎಂಜಿನ್‌ದಾಗ ಕಂಪ್ಯೂಟರ್ ಕುಂತದ. ಫೈಲ್ ಮಾರೋರು ನಾಳೆ ಹೊಲದ ತನಾ ಬರ್ತಾರ.

ಇಷ್ಟಾದ ಮ್ಯಾಲೂ ಹಾಕಿಸ್ತೀನಿ ಅನ್ನಾವ್ರು ಮೊದಲು ಅವನ ಕಡಿಂದ ಕಂಪನಿಯ ಅಸಲಿ ಫೈಲಿನ ಕಾಪಿ ಇಸಕೊಳ್ರಿ, ಏನೇನು ಬದಲಿ ಮಾಡ್ಯಾನ ಅಂತ ಕಾಗದದ ಮ್ಯಾಲೆ ಬರೆಸಿಕೊಳ್ರಿ. ಕೊಡೂದಿಲ್ಲ ಅಂದ್ರ ಚಾ ಕುಡಿದು ಎದ್ದು ಬರ್ರಿ.