ಹೋಂಸ್ಟೇ ಇದೆ, ಮನೆಯವರೆಲ್ಲಿ?

ಕಳೆದ ಡಿಸೆಂಬರಿನಲ್ಲಿ ಭಟ್ಕಳ, ಹೊನ್ನಾವರ, ಕುಮಟಾದಿಂದ ಸುದ್ದಿ ಕಳಿಸುವ ನಾವು ಮೂವರು ಶರಾವತಿ ದಂಡೆಯ ಒಂದು ಹಳೆಮನೆಯಲ್ಲಿ ರಾತ್ರಿ ಉಳಿದೆವು. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಜಗಲಿಗೆ ಮರದ ಕಂಬ, ಮೆತ್ತಿಗೆ ಹತ್ತುವ ಕಡಿದಾದ ಏಣಿ. ದುರಸ್ತಿ ಚೆನ್ನಾಗಿಯೇ ಆಗಿತ್ತು. ಆದರೆ ಅಡುಗೆಮನೆಗೆ ಬೀಗ, ಬಾವಿಗೆ ಕಬ್ಬಿಣದ ಬಲೆ. ರಾತ್ರಿ ಊಟ ಹೆದ್ದಾರಿ ಹೋಟೆಲಿನಿಂದ ಪೊಟ್ಟಣದಲ್ಲಿ ಬಂತು. ಇದು ಯಾರ ಮನೆ ಎಂದು ನೋಡಿಕೊಳ್ಳುವ ಹುಡುಗನನ್ನು ಕೇಳಿದರೆ, "ಓನರ್ ಬೆಂಗಳೂರಲ್ಲಿದ್ದಾರೆ ಸರ್, ಮುಂಚೆ ಯಾರದ್ದೋ ಗೊತ್ತಿಲ್ಲ" ಎಂದ.

ಬೆಳಿಗ್ಗೆ ಬೇಲಿಯಾಚೆಯ ಅಜ್ಜಿ ಮಾತಿಗೆ ಸಿಕ್ಕರು. "ನೀವು ಮಲಗಿದ್ದು ಎಸಿ ಕೋಣೇಲಾ? ಅದು ಬಾಣಂತಿ ಕೋಣೆ ತಮಾ" ಎಂದರು. ಭತ್ತ ಎಲ್ಲಿ ತುಂಬುತ್ತಿದ್ದರು, ಮಳೆಗಾಲಕ್ಕೆ ಜಗಲಿಗೆ ಮಡಲಿನ ತಟ್ಟಿ ಯಾರು ಕಟ್ಟುತ್ತಿದ್ದರು ಎಂಬುದನ್ನೆಲ್ಲ ಹೇಳಿದರು. ದುಡ್ಡು ಕೊಟ್ಟು ಉಳಿದ ಮನೆಯೊಳಗೆ ನಮಗೆ ಸಿಗದ ಮನೆ ಬೇಲಿಯಾಚೆ ಪುಕ್ಕಟೆ ಸಿಕ್ಕಿತು.

ಹಳೆಮನೆ ದುರಸ್ತಿ ಮಾಡಿಸುವವರನ್ನು ದೂರುವುದು ನಮ್ಮ ಉದ್ದೇಶವಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿದು. ಬೇಸಿಗೆಯಲ್ಲಿ ಹಂಚು ಇಳಿಸಿ, ಒಡೆದದ್ದು ಬದಲಿಸದಿದ್ದರೆ ಪಕಾಸಿಗೆ ನೀರು ಇಳಿಯುತ್ತದೆ. ಎರಡು ಮಳೆಗಾಲ ಹಾಗೇ ಬಿಟ್ಟರೆ ಮಾಡು ಕೂರುತ್ತದೆ. ಮಕ್ಕಳು ಬೆಂಗಳೂರು, ಮುಂಬೈ, ದುಬೈ ಸೇರಿದ್ದಾರೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು. ಹಿಸೆ ಆಗಬೇಕಾದರೆ ಹತ್ತು ಜನರ ಸಹಿ ಬೇಕು. ಕಾಗದ ಸರಿಯಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಕೊನೆಗೆ ಯಾರೋ ಬಂದು ಒಟ್ಟಿಗೆ ಕೊಂಡರೆ ಎಲ್ಲರಿಗೂ ನಿರಾಳ. ಹಾಗೆ ಕೊಂಡವರು ಕೆಡವದೆ ಉಳಿಸಿದ್ದಾರೆ ಎಂಬುದಕ್ಕೆ ನಮಸ್ಕಾರ ಹೇಳಲೇಬೇಕು.

ಆದರೆ ಅದಕ್ಕೆ ಹೋಂಸ್ಟೇ ಎಂಬ ಹೆಸರು ಹೇಗೆ ಸಲ್ಲುತ್ತದೆ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯ ಪ್ರಕಾರ ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಗೆ ಕೊಡುವ ಕೋಣೆ ಆರಕ್ಕಿಂತ ಹೆಚ್ಚಿರಬಾರದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಮೀನುಗಾರರೂ ಸೇರಿದಂತೆ ಸ್ಥಳೀಯರಿಗೆ ಹೋಂಸ್ಟೇ ನಡೆಸಲು ಅವಕಾಶ ಕೊಟ್ಟಿದೆ. ಈಗಿರುವ ಮನೆಯ ತಳಪಾಯದ ವಿಸ್ತೀರ್ಣ, ವಿನ್ಯಾಸ, ಮುಂಭಾಗ ಬದಲಿಸಬಾರದು ಎಂಬುದು ಷರತ್ತು. ಅಂದರೆ ಈ ಅವಕಾಶ ಇರುವುದೇ ಊರಲ್ಲಿ ಬಾಳುವವರಿಗಾಗಿ. ಅದೇ ಹೆಸರಿನ ಬೋರ್ಡು ಹಾಕಿಕೊಂಡು ನಡೆಯುತ್ತಿರುವುದು ಸಣ್ಣ ಲಾಡ್ಜು.

ಅಟ್ಲಾಂಟಿಕ್ ಸಾಗರದಲ್ಲಿ ಲಾಂಜರೋಟೆ ಎಂಬ ಜ್ವಾಲಾಮುಖಿ ದ್ವೀಪವಿದೆ, ಸ್ಪೇನ್ ದೇಶದ್ದು. 1730ರಿಂದ 1736ರವರೆಗೆ ಲಾವಾ ಉಕ್ಕಿ ಹಳ್ಳಿಗಳೇ ಮುಚ್ಚಿಹೋದ ಊರು. ಅಲ್ಲಿನ ರೈತರು ಬೂದಿಯಲ್ಲಿ ಗುಂಡಿ ತೋಡಿ ದ್ರಾಕ್ಷಿ ಬೆಳೆದರು. ಪ್ರವಾಸಿಗರು ಬರತೊಡಗಿದಾಗ ಕಲಾವಿದ ಸೆಸಾರ್ ಮನ್ರಿಕೆ ಊರೂರು ತಿರುಗಿ ಹಳೆಯ ಮನೆಗಳನ್ನು ದಾಖಲಿಸಿದರು, ಬಹುಮಹಡಿ ಕಟ್ಟಡ ಬೇಡವೆಂದು ಹೋರಾಡಿದರು. ದ್ವೀಪದ ಆಡಳಿತ ಅವರ ಬೆನ್ನಿಗೆ ನಿಂತಿತು. ಇಂದಿಗೂ ಅಲ್ಲಿ ಬಿಳಿ ಗೋಡೆಯ ತಗ್ಗು ಮನೆಗಳೇ ಹೆಚ್ಚು. ಹಳೆಮನೆಯಲ್ಲಿ ಉಳಿಯುವುದಕ್ಕೆಂದೇ ಜನ ಹೋಗುತ್ತಾರೆ.

ನಮ್ಮಲ್ಲೂ ಅಂಥವರು ಇರಲಿಲ್ಲ ಎನ್ನುವಂತಿಲ್ಲ. ಹೊನ್ನಾವರದವರೇ ಆದ ಡಾ. ಕೃಷ್ಣಾನಂದ ಕಾಮತರು ಕ್ಯಾಮೆರಾ ಹಿಡಿದು ಅಲೆದು, ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಮೂಡಿಸುವ ಕಾವಿ ಕಲೆಯನ್ನು ದಾಖಲಿಸಿದರು. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಗೋಡೆಗಳು ಹೋದವು. ದಾಖಲಿಸುವವರಿದ್ದರು, ಬೆನ್ನಿಗೆ ನಿಲ್ಲುವ ಆಡಳಿತ ಇರಲಿಲ್ಲ.

ಈಗಲಾದರೂ ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಮನೆಯವರು ವಾಸವಿಲ್ಲದ ಕಡೆ ಹೋಂಸ್ಟೇ ನೋಂದಣಿ ಕೊಡಬೇಡಿ. ಲಾಡ್ಜ್ ಎಂದೇ ಪರವಾನಗಿ, ತೆರಿಗೆ ಇರಲಿ. ಹಂಚಿನ ಮನೆ ಉಳಿಸಿಕೊಂಡು ಅದರಲ್ಲೇ ಬದುಕುವವರಿಗೆ ಗ್ರಾಮ ಪಂಚಾಯಿತಿ ಮನೆತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಹಿಸೆಯಾಗದೆ ಬಿದ್ದಿರುವ ಮನೆಗಳಿಗೆ ತಾಲೂಕಿಗೊಂದು ಅದಾಲತ್ ನಡೆಯಲಿ. ಮರಗೆಲಸದ ಆಚಾರಿಗಳು, ಹಂಚು ಹೊದೆಸುವವರು ಇನ್ನೂ ಇದ್ದಾರೆ. ಅವರ ಕೈಕೆಳಗೆ ಹತ್ತು ಹುಡುಗರು ಕಲಿತರೆ ಊರಲ್ಲೇ ಕೂಲಿ ಹುಟ್ಟುತ್ತದೆ.

ಕೋಣೆ ಕಾದಿರಿಸುವ ಓದುಗರಿಗೂ ಒಂದು ಮಾತು. ಈಜುಕೊಳ ಇದೆಯೇ ಎಂದು ಕೇಳುವ ಮೊದಲು ಮನೆಯವರು ಇದ್ದಾರೆಯೇ ಎಂದು ಕೇಳಿ. ಇದ್ದರೆ ಊಟಕ್ಕೆ ಅಪ್ಪೆಹುಳಿಯೋ, ಅಘನಾಶಿನಿ ಗಜನಿಯ ಕಗ್ಗದ ಅನ್ನವೋ ಸಿಕ್ಕೀತು. ಕೊಟ್ಟ ದುಡ್ಡಿನಲ್ಲಿ ಮುಂದಿನ ಮಳೆಗಾಲದೊಳಗೆ ಅವರ ಮಾಡಿನ ಒಡೆದ ಹಂಚು ಬದಲಾದೀತು.